ನಿನಗಾಗಿ ಎತ್ತಿಟ್ಟ ಮೀನು

"ಮುನಿಲಕ್ಷ್ಮಿ ಅಂದ್ರೆ ಯಾರ್ರೀ? ಮೀನಿನ ಕಣ್ಣು ಕೇಳಿದ್ದು ಯಾರು?"

ಬೈರಕೂರಿನ ಬಸ್ಸಿಳಿದು, ಹೆಗಲಿನ ಬ್ಯಾಗು ಸರಿಮಾಡಿಕೊಳ್ಳುತ್ತಾ ಬರುತ್ತಿದ್ದ ಮುನಿಲಕ್ಷ್ಮಿಯ ಕಾಲು ಅಲ್ಲೇ ನಿಂತುಬಿಟ್ಟಿತು.

ಮುಳಬಾಗಿಲಿನ ಹೈವೇ ಪಕ್ಕದ ಮೀನಂಗಡಿ. ಭಾನುವಾರ ಬೆಳಗ್ಗೆ ಏಳು ಗಂಟೆ. ಅಂಗಡಿ ಮುಂದೆ ಹತ್ತು ಹನ್ನೆರಡು ಗಿರಾಕಿಗಳು. ಅವರ ನಡುವೆ ರಬ್ಬರ್ ಏಪ್ರನ್ ಕಟ್ಟಿಕೊಂಡು, ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು, ಕೆಂಡಾಮಂಡಲವಾಗಿ ನಿಂತಿದ್ದ ಒಬ್ಬ ಯುವಕ!

"ಮುನಿಲಕ್ಷ್ಮಿ ನಾನೇ... ಆದ್ರೆ ಕಣ್ಣಾ? ಯಾವ ಕಣ್ಣು?"

ಅವನು ಡಬ್ಬಿಯ ಮುಚ್ಚಳ ತೆಗೆದು ಅವಳ ಮೂಗಿನ ಕೆಳಗೇ ಹಿಡಿದ.

ಡಬ್ಬಿ ತುಂಬಾ ಮೀನಿನ ಕಣ್ಣುಗಳು! ಎಂಬತ್ತು ಕಣ್ಣುಗಳು ಒಟ್ಟಿಗೇ ಅವಳನ್ನು ನೋಡುತ್ತಿದ್ದವು.

"ಅಯ್ಯಯ್ಯೋ! ನಾನು ಕೇಳಿದ್ದು ಇದಲ್ಲ ರೀ!"

"ಇದಲ್ವಾ? ನಮ್ಮವ್ವ ಬೆಳಗ್ಗೆ ಐದು ಗಂಟೆಯಿಂದ ಚಮಚ ಹಿಡ್ಕೊಂಡು ಕೂತು ಒಂದೊಂದೇ ಕಿತ್ತಿಟ್ಟವ್ರೆ. ನಾನು ಐಸ್ ತರೋಕೆ ಹೋಗಿ ಬರೋಷ್ಟ್ರಲ್ಲಿ ಒಂದು ಬಾಕ್ಸ್ ಗೊರಕ ಮೀನು ಕುರುಡಾಗಿ ಮಲಗಿದೆ. ಕಣ್ಣಿಲ್ಲದ ಮೀನು ಯಾರು ತಗೊಳ್ತಾರೆ ಮೇಡಂ? ಜನ ಮೊದ್ಲು ನೋಡೋದೇ ಕಣ್ಣು!"

ಗಲ್ಲಾದ ಹಿಂದೆ ಕುಳಿತಿದ್ದ ಆ 'ಅವ್ವ', ಅವನ ಅಜ್ಜಿ ಮುತ್ಯಾಲಮ್ಮ ಮಾತ್ರ ಯಾವ ಚಿಂತೆಯೂ ಇಲ್ಲದೆ ಎಲೆ ಅಡಿಕೆ ಮೆಲ್ಲುತ್ತಿದ್ದರು.

"ನುವ್ವೇ ಕದಮ್ಮಾ ಫೋನ್‌ಲೋ ಅಡಿಗಿಂದಿ? ನೀನೇ ತಾನೇ ಕೇಳಿದ್ದು? ಗೊರಕ ಚೇಪಲ ಕಳ್ಳು ತೆಗೆದಿಡಿ ಅಂತ!"

ಮುನಿಲಕ್ಷ್ಮಿಗೆ ಆಗ ಹೊಳೆಯಿತು. ಹೊಳೆದ ಕೂಡಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು!

ಅವಳ ಊರು ಬೈರಕೂರು. ಆಂಧ್ರದ ಗಡಿ ಕೂಗಳತೆ ದೂರ. ಅಲ್ಲಿ ಹುಟ್ಟಿದವರ ಬಾಯಲ್ಲಿ ಕನ್ನಡ ಎಲ್ಲಿ ಮುಗಿಯುತ್ತದೆ, ತೆಲುಗು ಎಲ್ಲಿ ಶುರುವಾಗುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ನಿನ್ನೆ ಸಂಜೆ ಫೋನ್ ಎತ್ತಿದ ಅಜ್ಜಿಗೆ ಅವಳು ಗೌರವದಿಂದ ತೆಲುಗಿನಲ್ಲೇ ಹೇಳಿದ್ದಳು. "ಗೊರಕ ಚೇಪಲ ಕಲ್ಲು ತೀಸಿ ಪೆಟ್ಟಂಡಿ ಅವ್ವಾ, ರೇಪು ಒಸ್ತಾನು." ಕಲ್ಲು ತೆಗೆದಿಡಿ, ನಾಳೆ ಬರ್ತೀನಿ ಅಂತ. ಎಲ್ಲಾ ತೆಲುಗು, 'ಕಲ್ಲು' ಒಂದು ಮಾತ್ರ ಕನ್ನಡ! ತೆಲುಗಿನಲ್ಲಿ ಕಲ್ಲಿಗೆ 'ರಾಯಿ' ಅನ್ನಬೇಕಿತ್ತು. ಫೋನಿನ ಗದ್ದಲದಲ್ಲಿ ಅಜ್ಜಿಗೆ ಕೇಳಿಸಿದ್ದು 'ಕಳ್ಳು'. ಕಳ್ಳು ಅಂದರೆ ತೆಲುಗಿನಲ್ಲಿ ಕಣ್ಣುಗಳು.

"ಕಣ್ಣಲ್ಲ ಅವ್ವಾ, ಕಲ್ಲು! ರಾಳ್ಳು! ಮೀನಿನ ತಲೆಯೊಳಗೆ ಇರುತ್ತಲ್ಲ, ಕಿವಿಕಲ್ಲು!"

ಮುತ್ಯಾಲಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದರು. ಗಿರಾಕಿಗಳೂ ನಕ್ಕರು. ನಗದೆ ನಿಂತಿದ್ದವನು ಅವನೊಬ್ಬನೇ, ಮುರಳಿಮೋಹನ್.

"ನಗಾಡಿ, ಎಲ್ರೂ ನಗಾಡಿ. ಈ ನಲವತ್ತು ಮೀನು ಏನ್ಮಾಡ್ಲಿ?"

ಮುನಿಲಕ್ಷ್ಮಿ ಅವಮಾನದಿಂದ ಕೆಂಪಾಗಿದ್ದಳು. ಆದರೆ ಅವಳು ಟೊಮ್ಯಾಟೋ ಬೆಳೆಯುವ ರೈತ ಕೋದಂಡರಾಮಪ್ಪನ ಮಗಳು. ಸೋತು ಬಸ್ಸು ಹತ್ತುವ ಜಾತಿಯಲ್ಲ! ಬ್ಯಾಗು ಕೆಳಗಿಟ್ಟು, ದುಪಟ್ಟಾ ಸೊಂಟಕ್ಕೆ ಕಟ್ಟಿ, ಅವನ ಪಕ್ಕದಲ್ಲೇ ಹೋಗಿ ನಿಂತಳು. ಒಂದು ಮೀನು ಎತ್ತಿ ಅದರ ಕಿವಿರು ಬಿಡಿಸಿದಳು.

"ಬನ್ನಿ ಅಕ್ಕಾ, ಬನ್ನಿ ಅಣ್ಣಾ! ಕಣ್ಣು ಬಿಡಿ, ಕಿವಿರು ನೋಡಿ. ಹೆಂಗೆ ಕೆಂಪಗಿದೆ! ಬೆರಳಲ್ಲಿ ಒತ್ತಿ, ಗುಳಿ ಬೀಳುತ್ತಾ? ಇಲ್ಲ ತಾನೇ? ಹಳೇ ಮೀನಾದ್ರೆ ಒತ್ತಿದ ಜಾಗ ಮೇಲಕ್ಕೆ ಬರಲ್ಲ. ನಾನು ಮೀನಿನ ಬಗ್ಗೆನೇ ಓದಿರೋಳು. ಇವತ್ತು ಬೆಳಗ್ಗೆ ಬಂದಿರೋ ಮಾಲು ಇದು, ಕಣ್ಣು ಕಿತ್ತಿದ್ದು ನನ್ನ ತಪ್ಪು!"

ಒಬ್ಬ ಹೆಂಗಸು ಒತ್ತಿ ನೋಡಿದಳು. ಎರಡು ಮೀನು ತೂಗಿಸಿಕೊಂಡಳು. ಅವಳ ಹಿಂದೆ ಇನ್ನೊಬ್ಬರು. ಒಂದೂವರೆ ಗಂಟೆಯಲ್ಲಿ ಬಾಕ್ಸ್ ಖಾಲಿ!

ಮುರಳಿ ಖಾಲಿ ಬಾಕ್ಸ್ ನೋಡಿದ. ಹಣೆಯ ಮೇಲೆ ಮೀನಿನ ಹುರುಪೆ ಅಂಟಿಸಿಕೊಂಡು ಏದುಸಿರು ಬಿಡುತ್ತಿದ್ದ ಹುಡುಗಿಯನ್ನು ನೋಡಿದ. ಕೋಪ ಎಲ್ಲಿ ಹೋಯಿತೋ ಅವನಿಗೂ ಗೊತ್ತಾಗಲಿಲ್ಲ.

"ಟೀ ಕುಡೀತೀರಾ?" ಅಂದ.

'ಅಬ್ಬಾ, ನಕ್ಕ!' ಅಂದುಕೊಂಡಳು ಮುನಿಲಕ್ಷ್ಮಿ.

*

ಸಮುದ್ರವೇ ಇಲ್ಲದ ಕೋಲಾರದಲ್ಲಿ ಸಮುದ್ರದ ಮೀನಿನ ಸಂಶೋಧನೆ! ಕೇಳಿದವರೆಲ್ಲ ನಕ್ಕಿದ್ದರು. ಕರಾವಳಿಯ ಕಾಲೇಜಿನಲ್ಲಿ ಅವಳ ಗೈಡ್ ಆಗಿದ್ದ ಪ್ರೊಫೆಸರ್ ಶಾಮಲಮ್ಮ ಮಾತ್ರ ನಗಲಿಲ್ಲ. ಬೋಟು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಅಳೆಯುವವರು ಬೇಕಾದಷ್ಟು ಜನ ಇದ್ದಾರೆ, ತಿನ್ನುವ ಊರಿನಲ್ಲಿ ಯಾರಿದ್ದಾರೆ, ಹೋಗು ಅಂದಿದ್ದರು.

ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಮುನಿಲಕ್ಷ್ಮಿ ಅದನ್ನೇ ಮುರಳಿಗೆ ವಿವರಿಸಿದಳು.

"ಮರಕ್ಕೆ ವರ್ಷಕ್ಕೊಂದು ಸುತ್ತು ಬೀಳುತ್ತಲ್ಲ, ಹಾಗೇ ಮೀನಿನ ಕಿವಿಕಲ್ಲಿಗೂ ಬೀಳುತ್ತೆ. ಕಲ್ಲು ತೆಳ್ಳಗೆ ತೇದು ನೋಡಿದ್ರೆ ವಯಸ್ಸು ಗೊತ್ತಾಗುತ್ತೆ. ಹೊಟ್ಟೆ ಕುಯ್ದಾಗ ಮೊಟ್ಟೆಚೀಲ ನೋಡಿದ್ರೆ, ಅದು ಬೆಳೆದು ಮರಿ ಮಾಡೋ ಹಂತಕ್ಕೆ ಬಂದಿತ್ತಾ ಅಂತ ಗೊತ್ತಾಗುತ್ತೆ. ಒಂದು ಸಲಾನೂ ಮೊಟ್ಟೆ ಇಡದ ಮೀನನ್ನೇ ಹಿಡಿದು ತಿಂತಾ ಹೋದ್ರೆ ಸಮುದ್ರದಲ್ಲಿ ಮುಂದಕ್ಕೆ ಏನು ಉಳಿಯುತ್ತೆ ಹೇಳಿ?"

"ನಮ್ಮೂರಿಗೆ ಬರೋ ಮೀನು ಅಂಥದ್ದೇನಾ?"

"ಅದೇ ನನ್ನ ಪ್ರಶ್ನೆ! ಕೋಲಾರ, ಮಾಲೂರು, ಶ್ರೀನಿವಾಸಪುರ ಮೂರೂ ಸೇರಿ ಇನ್ನೂರು ಮೀನು. ಮುಳಬಾಗಿಲಿಂದ ಇನ್ನೂರು. ಒಟ್ಟು ನಾನೂರು ಮೀನಿನ ಕಲ್ಲು ಬೇಕು. ಮೂರು ತಿಂಗಳಾದ ಮೇಲೆ ಕೋಲಾರದಲ್ಲಿ ಸಮಿತಿ ಮುಂದೆ ಇಡ್ಬೇಕು. ಒಪ್ಪಿದ್ರೆ ಸಂಶೋಧನೆ ಮುಂದುವರಿಯುತ್ತೆ. ಇಲ್ಲಾಂದ್ರೆ ಅಲ್ಲಿಗೇ ಮುಗೀತು."

"ತಲೆ ಒಡೆದ್ರೆ ಗಿರಾಕಿ ಬಿಡ್ತಾರಾ? ಸಾರಿಗೆ ತಲೆನೇ ಮುಖ್ಯ."

"ತಲೆ ಒಡೆಯೋದೇ ಬೇಡ. ಕಿವಿರಿನ ಒಳಗಿಂದ ತೆಗೀಬಹುದು. ತೋರಿಸ್ಲಾ?"

ತೋರಿಸಿದಳು. ಕಿವಿರಿನ ಮುಚ್ಚಳ ಎತ್ತಿ, ಚಾಕುವಿನ ಮೊನೆಯಿಂದ ಒಳಗಿನ ಎಲುಬು ಸರಿಸಿ, ಚಿಮಟದಲ್ಲಿ ಹಗುರವಾಗಿ ಎಳೆದಳು. ಅವರೆಕಾಳಿನ ಗಾತ್ರದ ಬಿಳಿ ಕಲ್ಲು! ಮುರಳಿಯ ಅಂಗೈ ಮೇಲೆ ಇಟ್ಟಳು.

ಹತ್ತು ವರ್ಷದಿಂದ ಮೀನು ಕುಯ್ಯುತ್ತಿದ್ದವನು ಅದನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

"ಇಷ್ಟು ದಿನ ಇದನ್ನ ಮೋರಿಗೆ ಎಸೀತಿದ್ನಲ್ರೀ!"

ಅವತ್ತಿನಿಂದ ವಾರಕ್ಕೆ ಇಪ್ಪತ್ತು ಮೀನಿನ ಕಲ್ಲು ತೆಗೆದಿಡುವ ಕೆಲಸ ಅವನದಾಯಿತು. ಅವಳು ಬೇರೆ ಮೂರು ಊರು ಸುತ್ತಬೇಕಿತ್ತು. ಅವನು ಒಂದೊಂದು ಜೊತೆ ಕಲ್ಲನ್ನೂ ಪುಟ್ಟ ಕಾಗದದ ಕವರಿಗೆ ಹಾಕಿ, ಮೇಲೆ ತಾರೀಖು, ಉದ್ದ, ತೂಕ, ಮೊಟ್ಟೆಚೀಲ ಹೇಗಿತ್ತು, ಎಲ್ಲಾ ದುಂಡಗೆ ಬರೆದಿಡುತ್ತಿದ್ದ. ಹತ್ತನೇ ಕ್ಲಾಸಿಗೆ ಓದು ಬಿಟ್ಟವನ ಅಕ್ಷರ ಅಷ್ಟು ಚೆಂದ ಇರುತ್ತದೆಂದು ಅವಳು ಎಣಿಸಿರಲಿಲ್ಲ!

ಅಂಗಡಿಗೆ ರಜೆ ಇದ್ದ ಒಂದು ಸೋಮವಾರ ಅವನನ್ನು ಕೋಲಾರಕ್ಕೆ ಕರೆದೊಯ್ದಳು. ಅಲ್ಲಿನ ಕಾಲೇಜೊಂದರ ಲ್ಯಾಬಿನಲ್ಲಿ ಅವಳಿಗೆ ಒಂದು ಮೂಲೆ ಕೊಟ್ಟಿದ್ದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಮುರಳಿ ಐದು ನಿಮಿಷ ಅಲುಗಾಡಲಿಲ್ಲ.

"ಒಂದು ಗೆರೆ... ಎರಡು... ಮೂರು! ಇದು ಮೂರು ವರ್ಷ ಬದುಕಿತ್ತಾ ರೀ?"

"ಹೂಂ. ಎರಡನೇ ಗೆರೆ ಪಕ್ಕ ನೋಡಿ, ಸುತ್ತುಗಳು ಒತ್ತೊತ್ತಾಗಿವೆ. ಆಗ ಬೆಳವಣಿಗೆ ನಿಧಾನ ಆಗಿತ್ತು. ಊಟ ಸರಿಯಾಗಿ ಸಿಕ್ಕಿರಲಿಕ್ಕಿಲ್ಲ."

"ಪಾಪ..." ಅಂದ. ದಿನಾ ನೂರು ಮೀನು ಕುಯ್ಯುವವನು!

ಮುನಿಲಕ್ಷ್ಮಿಗೆ ಎದೆಯೊಳಗೆ ಏನೋ ಜಾರಿದ ಹಾಗಾಯಿತು. ಸುಮ್ಮನೆ ಪುಸ್ತಕದ ಹಾಳೆ ಮಗುಚಿದಳು. 'ಇದೇನೇ ನಿಂಗೆ, ಲ್ಯಾಬಲ್ಲಿ ಕೂತು!' ಅಂತ ತನ್ನನ್ನೇ ಬೈದುಕೊಂಡಳು.

ಮೇಲೆದ್ದ ಮುರಳಿ ಅವಳನ್ನು ನೋಡಿದ. ಅವನೂ ಏನೋ ಹೇಳಲು ಹೊರಟು, ಕಿಟಕಿ ಕಡೆ ತಿರುಗಿ, "ಮಳೆ ಬರೋ ಹಾಗಿದೆ" ಅಂದ. ಹೊರಗೆ ಸುಡುಬಿಸಿಲು.

*

ಸಮಿತಿಗೆ ಹದಿನಾರು ದಿನ ಉಳಿದಿತ್ತು. ಮುಳಬಾಗಿಲಿನ ಇನ್ನೂರೂ ಮುಗಿದಿತ್ತು. ಮುನಿಲಕ್ಷ್ಮಿ ಖುಷಿಯಿಂದ ಅಂಕಿಅಂಶ ಕಳಿಸಿದಳು. ಮಧ್ಯಾಹ್ನವೇ ಶಾಮಲಮ್ಮನವರ ವಿಡಿಯೋ ಕಾಲ್ ಬಂತು.

"ಮುನಿಲಕ್ಷ್ಮಿ, ಮೂರು ಊರಿನ ಮೀನಲ್ಲಿ ಅರ್ಧಕ್ಕಿಂತ ಜಾಸ್ತಿ ಮರಿಗಳು. ಮುಳಬಾಗಿಲಲ್ಲಿ ಒಂದೂ ಇಲ್ಲ! ಎಲ್ಲಾ ಮೂರು ವರ್ಷದವು, ಎಲ್ಲಾ ಮೊಟ್ಟೆ ಕಟ್ಟಿದವು. ಒಂದೇ ಸಮುದ್ರ, ನಾಲ್ಕೂ ಊರಿಗೆ ಮೀನು ತರೋ ಒಂದೇ ವ್ಯಾನು. ಹೇಗಮ್ಮಾ?"

"ಮೇಡಂ... ಅದು..."

"ಯಾರೋ ಆರಿಸಿದಾರೆ. ನೀನಾ?"

"ಇಲ್ಲ ಮೇಡಂ! ಆಣೆ ಮಾಡ್ತೀನಿ!"

"ನಾನು ನಂಬ್ತೀನಿ. ಸಮಿತಿ ನಂಬಲ್ಲ. ಕೂತಲ್ಲೇ ಬರೆದಿದ್ದಾಳೆ ಅಂತಾರೆ. ಈ ಇನ್ನೂರು ಪೂರ್ತಿ ಬಿಡಬೇಕು. ನಿನ್ನ ಎರಡು ವರ್ಷದ ಕೆಲಸ ಮುಳುಗೋ ಮಾತು ಇದು, ಹುಷಾರಾಗು."

ಫೋನ್ ಕೈಯಲ್ಲಿ ಹಿಡಿದೇ ಬಸ್ಸು ಹತ್ತಿದಳು. ಮುಳಬಾಗಿಲಲ್ಲಿ ಇಳಿದವಳು ನೇರ ಅಂಗಡಿಯ ಹಿಂಭಾಗಕ್ಕೆ ಹೋದಳು. ಅಲ್ಲಿ ಒದ್ದೆ ಗೋಣಿಚೀಲದ ಕೆಳಗೆ ಸಾಲಾಗಿ ಗುಡ್ಡೆ ಮಾಡಿಟ್ಟಿದ್ದ ಗೊರಕ ಮೀನುಗಳು. ಒಂದೊಂದೂ ಗೇಣುದ್ದವೂ ಇಲ್ಲ! ತೂಕವಿಲ್ಲದೆ ಗುಡ್ಡೆ ಲೆಕ್ಕದಲ್ಲಿ ಮಾರುವ ಮರಿಗಳು.

"ಇವನ್ನ ಯಾಕೆ ನನಗೆ ಕೊಡ್ಲಿಲ್ಲ?"

ಚಾಕು ಮಸೆಯುತ್ತಿದ್ದ ಮುರಳಿ ತಲೆ ಎತ್ತಿದ. ಅವಳ ಮುಖ ನೋಡಿ ಎದ್ದು ನಿಂತ.

"ಏನಾಯ್ತು ರೀ?"

"ಹೇಳಿ! ಮೀನು ಆರಿಸಿದ್ದು ಯಾರು?"

"ನಾನೇ ಆರಿಸಿದ್ದು. ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀರಾ? ನಿಮ್ಮಂಗಡೀಲಿ ಮರಿ ಮೀನು ಮಾರ್ತೀರಿ ಅಂತ ಗೊತ್ತಾಗ್ಬಾರ್ದು, ಅದಕ್ಕೆ ತಾನೇ? ನಿಮಗೆ ನಿಮ್ಮ ವ್ಯಾಪಾರ. ನನ್ನ ಎರಡು ವರ್ಷ ನೀರಲ್ಲಿ ಹೋಯ್ತು!"

ಗಿರಾಕಿಗಳು ತಿರುಗಿ ನೋಡಿದರು. ಮುರಳಿಯ ಮುಖದ ಬಣ್ಣ ಇಳಿಯಿತು. ತುಟಿ ಅಲುಗಿತು. ಆದರೆ ಅಷ್ಟು ಜನರ ಮುಂದೆ ಆ ಮಾತನ್ನು ಹೇಗೆ ಹೇಳುತ್ತಾನೆ?

"ಹಂಗೇ ಅಂದ್ಕೊಳ್ಳಿ ಮೇಡಂ," ಅಂದುಬಿಟ್ಟ.

ಅಷ್ಟು ದಿನ 'ರೀ' ಆಗಿದ್ದವಳು ಮತ್ತೆ 'ಮೇಡಂ' ಆದಳು. ಬಸ್‌ಸ್ಟ್ಯಾಂಡಿನವರೆಗೂ ತಡೆದುಕೊಂಡಿದ್ದ ಅಳು ಸೀಟಿನಲ್ಲಿ ಕೂತ ಮೇಲೆ ಒತ್ತರಿಸಿ ಬಂತು. ಸಂಶೋಧನೆ ಹೋಯಿತಲ್ಲ ಅಂತ ಅಳುತ್ತಿದ್ದಳೋ, ಅವನು ಹೀಗೆ ಮಾಡಿದನಲ್ಲ ಅಂತಲೋ... ಅವಳಿಗೇ ತಿಳಿಯಲಿಲ್ಲ.

*

ಮರುದಿನ ಹತ್ತು ಗಂಟೆಗೆ ಬೈರಕೂರಿನ ಮನೆ ಬಾಗಿಲಲ್ಲಿ ಮುತ್ಯಾಲಮ್ಮ! ಕೈಯಲ್ಲಿ ಸ್ಟೀಲ್ ಕ್ಯಾರಿಯರ್. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಅವ್ವಾ! ನೀವೊಬ್ರೇ ಬಂದ್ರಾ?"

"ಬಸ್ಸಿಗೆ ಬಂದೆ. ಫ್ರೀ ಅಲ್ವಾ," ಅಂದು ಜಗಲಿ ಮೇಲೆ ಕುಳಿತರು. "ಮೊದ್ಲು ಚೇಪಲ ಪುಲುಸು, ಮೀನು ಸಾರು ತಿನ್ನು. ಆಮೇಲೆ ಅಳು."

"ನನಗೆ ಬೇಡ ಅವ್ವಾ. ನಿಮ್ಮ ಮೊಮ್ಮಗ ನನಗೆ ಮೋಸ ಮಾಡಿದ್ರು."

"ಏಮಿ ಮೋಸಂ? ನೀನು ಅವನಿಗೆ ಏನಂತ ಕೇಳಿದ್ದೆ?"

"ಇಪ್ಪತ್ತು ಮೀನಿನ ಕಲ್ಲು ಕೊಡಿ ಅಂತ."

"ಯಾವ ಇಪ್ಪತ್ತು ಅಂತ ಹೇಳಿದ್ಯಾ?"

"ಇಲ್ಲ..."

ಮುತ್ಯಾಲಮ್ಮ ಕ್ಯಾರಿಯರ್ ಪಕ್ಕಕ್ಕೆ ಸರಿಸಿದರು.

"ಕೇಳು. ನಮ್ಮ ಮನೇಲಿ ಒಂದು ಪದ್ಧತಿ ಐತೆ. ಬೆಳಗ್ಗೆ ಬಾಕ್ಸ್ ಒಡೆದ ತಕ್ಷಣ, ಬೋಣಿ ಆಗೋಕೆ ಮುಂಚೆ, ಒಳ್ಳೇ ಮೀನು ಎತ್ತಿಡ್ತಾರೆ. ಮನೆಯವರಿಗೆ. ಎಷ್ಟು ದುಡ್ಡು ಕೊಡ್ತೀನಂದ್ರೂ ಅದನ್ನ ಮಾರಲ್ಲ. ಇವನ ತಾತ ಮದುವೆಗೆ ಮುಂಚೆನೇ ನನಗೆ ಎತ್ತಿಡ್ತಿದ್ದ. ನಮ್ಮಪ್ಪನಿಗೆ ಗೊತ್ತಾಗಿದ್ದೇ ಹಂಗೆ, ಮನೆಗೆ ದಿನಾ ದೊಡ್ಡ ಮೀನು ಬರ್ತಿತ್ತಲ್ಲ!"

"ಅವ್ವಾ..."

"ಮುರಳಿ ಇಷ್ಟು ವರ್ಷ ಎತ್ತಿಡ್ತಿದ್ದಿದ್ದು ನನಗೊಬ್ಬಳಿಗೇ. ಈ ಎರಡೂವರೆ ತಿಂಗಳು ನನಗೆ ಸಣ್ಣದು ಕಣಮ್ಮಾ! ಎಲ್ಲಾ ದೊಡ್ಡದೂ ನಿನ್ನ ಕವರಿಗೆ. 'ಲೇ, ಅವಳಿಗೆ ಬೇಕಾಗಿರೋದು ಕಲ್ಲು, ಯಾವ ಮೀನಾದ್ರೇನೋ' ಅಂದೆ. 'ಅವ್ವಾ, ಆಯಮ್ಮಿಗೆ ಗುಡ್ಡೆ ಮೀನು ಹೆಂಗೆ ಕೊಡ್ಲಿ' ಅಂತಾನೆ. ನಚ್ಚಿನ ಮನಿಷಿಕಿ ಎವರನ್ನಾ ಚಿನ್ನ ಚೇಪ ಇಸ್ತಾರಾ? ಮನಸ್ಸಿಗೆ ಹಿಡಿಸಿದವರಿಗೆ ಯಾರಾದ್ರೂ ಸಣ್ಣ ಮೀನು ಕೊಡ್ತಾರಾ?"

ಮುನಿಲಕ್ಷ್ಮಿ ಹೊಸ್ತಿಲ ಮೇಲೇ ಕುಳಿತಳು.

ಇನ್ನೂರು ಮೀನು! ಒಂದೊಂದನ್ನೂ ಅವಳಿಗಾಗಿ ಹುಡುಕಿ, ಬಾಕ್ಸಿನ ತಳದವರೆಗೂ ಕೈ ಹಾಕಿ, ಅತಿ ದೊಡ್ಡದನ್ನು, ಅತಿ ಚೆಂದದ್ದನ್ನು ಎತ್ತಿಟ್ಟಿದ್ದ. ಎರಡೂವರೆ ತಿಂಗಳು, ಒಂದು ಮಾತೂ ಆಡದೆ! ಶಾಮಲಮ್ಮನವರು 'ತಪ್ಪು' ಅಂದ ಆ ಅಂಕಿಅಂಶವೆಲ್ಲ... ಅವನ ಮನಸ್ಸು!

ಆರಿಸಬಾರದು ಅಂತ ಹೇಳಬೇಕಾದವಳು ಅವಳು. ಸಂಶೋಧನೆ ಕಲಿತವಳು ಅವಳು. ಮೊದಲನೇ ದಿನವೇ ಹೇಳಿಕೊಡಬೇಕಾದ ಒಂದು ಮಾತನ್ನು ಮರೆತು, ಅಷ್ಟು ಜನರ ಮುಂದೆ ಅವನನ್ನು ಕಳ್ಳನನ್ನಾಗಿ ಮಾಡಿ ಬಂದಿದ್ದಳು.

"ಅವ್ವಾ, ನಾಳೆ ವ್ಯಾನು ಎಷ್ಟೊತ್ತಿಗೆ ಬರುತ್ತೆ?"

"ಐದಕ್ಕೆ," ಅಂದ ಮುತ್ಯಾಲಮ್ಮನ ಕಣ್ಣು ಮಿನುಗಿತು. "ಈಗಾದ್ರೂ ತಿಂತೀಯಾ?"

ಒಂದು ಮುದ್ದೆ ಜಾಸ್ತಿಯೇ ತಿಂದಳು!

*

ಐದು ಗಂಟೆಗೆ ಐಸ್ ವ್ಯಾನು ಬಂದು ನಿಂತಾಗ ಮುರಳಿಗಿಂತ ಮೊದಲು ಅಲ್ಲಿ ನಿಂತಿದ್ದವಳು ಮುನಿಲಕ್ಷ್ಮಿ.

"ತಪ್ಪು ನನ್ನದು," ಅಂದಳು, ನಮಸ್ಕಾರ ಕೂಡ ಹೇಳದೆ. "ಆರಿಸಬೇಡಿ ಅಂತ ನಾನು ಹೇಳಲೇ ಇಲ್ಲ. ಗೊತ್ತಿಲ್ಲದೆ ಬಾಯಿಗೆ ಬಂದಂಗೆ ಅಂದೆ. ಕ್ಷಮಿಸಿ."

ಮುರಳಿ ಬಾಕ್ಸಿನ ಹಗ್ಗ ಬಿಚ್ಚುತ್ತಾ ನಿಂತ. ತಿರುಗಲಿಲ್ಲ.

"ಅವ್ವ ಬಂದಿದ್ರಾ?"

"ಬಂದಿದ್ರು."

"ಏನೇನು ಹೇಳಿದ್ರು?"

"ಎಲ್ಲಾ."

ಹಗ್ಗದ ಗಂಟು ಅವನ ಕೈಯಲ್ಲಿ ಇನ್ನಷ್ಟು ಗೋಜಲಾಯಿತು! ಕಿವಿ ಕೆಂಪಾಯಿತು. ಮೆಲ್ಲಗೆ ಕೇಳಿದ.

"ಈಗ ಎಷ್ಟು ಬೇಕು?"

"ಹದಿನಾಲ್ಕು ದಿನದಲ್ಲಿ ಇನ್ನೂರು. ಬಾಕ್ಸಿಂದ ಬಂದ ಹಾಗೇ ಎಣಿಸಬೇಕು. ಪ್ರತಿ ಐದನೇ ಮೀನು ನಂದು. ದೊಡ್ಡದಿರ್ಲಿ, ಸಣ್ಣದಿರ್ಲಿ. ಅದು ಗುಡ್ಡೆಗೆ ಹೋಗೋ ಮೀನೇ ಆಗಿರ್ಲಿ."

"ನಡೀರಿ."

ಆಹಾ, ಆ ಹದಿನಾಲ್ಕು ದಿನ! ಮುರಳಿ ಒಂದೊಂದೇ ಮೀನು ಎತ್ತಿ ಗಟ್ಟಿಯಾಗಿ ಎಣಿಸುತ್ತಿದ್ದ. "ಒಂದು! ಎರಡು! ಮೂರು! ನಾಲ್ಕು!" ಐದನೆಯದನ್ನು ಹಿಡಿದಾಗ ಗಿರಾಕಿಗಳೇ "ಐದೂ!" ಅಂತ ಕೂಗುತ್ತಿದ್ದರು. ವ್ಯಾನಿನ ಮಾಲೀಕ, ಕೋಲಾರದ ಅಜ್ಮತುಲ್ಲಾ ಸಾಬರು ಸುದ್ದಿ ತಿಳಿದು ದಿನಕ್ಕೆ ಒಂದು ಬಾಕ್ಸ್ ಹೆಚ್ಚಿಗೆ ಇಳಿಸಿದರು. "ಎಣಿಸ್ಕೋ ಬೇಟಿ, ಎಣಿಸ್ಕೋ. ನಲವತ್ತು ವರ್ಷದಿಂದ ಮೀನು ಹೊತ್ತಿದೀನಿ, ವಯಸ್ಸು ಕೇಳಿದ ಮೊದಲನೇ ಗಿರಾಕಿ ನೀನೇ!" ಅನ್ನುತ್ತಿದ್ದರು.

ಒಂದು ದಿನ ಐದನೇ ಮೀನು ಬೆರಳುದ್ದದ್ದು ಬಂತು. ಮುರಳಿ ಅದನ್ನು ಅಂಗೈಯಲ್ಲಿ ಹಿಡಿದು ನಿಂತೇ ಇದ್ದ. ಪಕ್ಕದಲ್ಲೇ ಆರನೆಯದು ಮಿರಮಿರ ಮಿಂಚುವ, ಎರಡು ಗೇಣಿನ ಮೀನು!

"ಕೊಡಿ ಮುರಳಿ."

"ಕೊಡೋಕೆ ಕೈ ಬರ್ತಿಲ್ಲ ರೀ..."

ಮುನಿಲಕ್ಷ್ಮಿಗೆ ನಗುವೂ ಬಂತು, ಕಣ್ಣೂ ತುಂಬಿತು. ಅವನ ಅಂಗೈಯಿಂದ ಆ ಮರಿಮೀನನ್ನು ತಾನೇ ಎತ್ತಿಕೊಂಡಳು. ಅವಳ ಜೀವನದಲ್ಲಿ ಯಾರೂ ಅಷ್ಟು ಕಷ್ಟಪಟ್ಟು ಅಷ್ಟು ಸಣ್ಣದನ್ನು ಕೊಟ್ಟಿರಲಿಲ್ಲ.

*

ಕೋಲಾರದ ಸಭೆ. ಮುಂದಿನ ಸಾಲಿನಲ್ಲಿ ಸಮಿತಿಯ ನಾಲ್ವರು, ಶಾಮಲಮ್ಮ. ಹಿಂದಿನ ಕುರ್ಚಿಗಳಲ್ಲಿ ನಾಲ್ಕೂ ಊರಿನ ಮೀನು ವ್ಯಾಪಾರಿಗಳು. ಕೊನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮುರಳಿ.

ಮುನಿಲಕ್ಷ್ಮಿ ವರದಿ ಬಿಚ್ಚಿ ಅಂಕಿ ಓದಿದಳು.

"ನಾವು ತಿನ್ನುತ್ತಿರುವ ನೂರು ಗೊರಕ ಮೀನಿನಲ್ಲಿ ಐವತ್ತೆಂಟು, ಒಂದು ಸಲವೂ ಮೊಟ್ಟೆ ಇಟ್ಟಿಲ್ಲ. ಮುಳಬಾಗಿಲಿನಲ್ಲಿ ಅರವತ್ತೊಂದು."

ಹಿಂದಿನ ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಅವಳು ಕೊನೆಯ ಸಾಲಿನ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ನಾಲ್ಕೂ ಊರಲ್ಲಿ ಕೆಟ್ಟ ಅಂಕಿ ಅವನ ಅಂಗಡಿಯದೇ!

ಸಮಿತಿಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡರು. "ಮುಳಬಾಗಿಲಿನದು ಎರಡು ಸಲ ತೆಗೆದಿದ್ದೀರಿ. ಮೊದಲ ಇನ್ನೂರು ಯಾಕೆ ಕೈಬಿಟ್ಟಿರಿ?"

ಕೆಟ್ಟುಹೋಗಿತ್ತು ಅಂತ ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ನಿಜ ಹೇಳಿದರೆ ಇಡೀ ಕೆಲಸವನ್ನೇ ಅನುಮಾನಿಸಬಹುದಿತ್ತು.

"ಅವು ಆರಿಸಿದ ಮೀನು ಸರ್. ಆರಿಸಬಾರದು ಅಂತ ಹೇಳಿಕೊಡದೇ ಇದ್ದದ್ದು ನನ್ನ ತಪ್ಪು. ವರದಿಯಲ್ಲಿ ಹಾಗೇ ಬರೆದಿದ್ದೀನಿ. ತೆಗೆದುಕೊಟ್ಟವರು... ನನಗೆ ಒಳ್ಳೇದನ್ನೇ ಕೊಡಬೇಕು ಅಂದುಕೊಂಡಿದ್ದರು."

"ಅಂದ್ರೆ? ಯಾವುದಾದರೂ ಲಾಭಕ್ಕಾ?"

"ಲಾಭಕ್ಕಲ್ಲ ಸಾರ್!"

ಕೊನೆಯ ಸಾಲಿನಲ್ಲಿ ಮುರಳಿ ಎದ್ದು ನಿಂತಿದ್ದ. ಎದ್ದ ಮೇಲೆ ಏನು ಹೇಳಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಕೈ ಎಲ್ಲಿಡಬೇಕೆಂದೂ ತಿಳಿಯಲಿಲ್ಲ.

"ಆ ಮೀನು ತೆಗೆದಿದ್ದು ನಾನು. ಮುಳಬಾಗಿಲಿನ ಅಂಗಡಿ ನಂದು. ಅರವತ್ತೊಂದು ಅಂದ್ರಲ್ಲ, ಅದು ನಿಜ. ನನ್ನ ಕೈಯಾರೆ ಎಣಿಸಿದೀನಿ. ಈಗ ಆ ಸಣ್ಣ ಕಲ್ಲು ನೋಡಿದ ಮೇಲೆ ಗುಡ್ಡೆ ಹಾಕೋಕೆ ಮನಸ್ಸು ಬರ್ತಿಲ್ಲ. ಮರಿ ಬಾಕ್ಸ್ ನಮ್ಮಂಗಡೀಲಿ ಇನ್ಮೇಲೆ ಇಳ್ಸಲ್ಲ. ಮೊದಲ್ನೇ ಇನ್ನೂರು ಆರಿಸಿದ್ದು... ಅದು ಮೀನಿನ ವಿಷ್ಯ ಅಲ್ಲ ಸಾರ್. ಸ್ವಂತ ವಿಷ್ಯ."

ಮೊದಲು ಅಜ್ಮತುಲ್ಲಾ ಸಾಬರು ಜೋರಾಗಿ ನಕ್ಕರು. ಹಿಂದಿನ ಸಾಲೆಲ್ಲ ನಕ್ಕಿತು. ಶಾಮಲಮ್ಮ ಫೈಲಿನಲ್ಲಿ ಮುಖ ಮುಚ್ಚಿಕೊಂಡರು. ಪ್ರಶ್ನೆ ಕೇಳಿದ ಹಿರಿಯರು ನಗು ತಡೆದು ಪೆನ್ನು ತೆಗೆದರು.

"ತಪ್ಪನ್ನು ತಾನೇ ಬರೆದಿಟ್ಟವಳ ಅಂಕಿಯನ್ನು ನಾನು ನಂಬ್ತೀನಿ. ಮುಂದುವರಿಸಿ ಮುನಿಲಕ್ಷ್ಮಿ."

ಮುಂದುವರಿಸಿ! ಆ ಒಂದು ಪದಕ್ಕೆ ಅವಳ ಎದೆ ಹೊಡೆದುಕೊಂಡಿದ್ದು ಹಿಂದಿನ ಸಾಲಿಗೂ ಕೇಳಿಸಿರಬೇಕು!

*

ಹೊರಗೆ ಹೊಂಗೆ ಮರದ ನೆರಳಿನಲ್ಲಿ ಮುರಳಿ ಬೈಕಿನ ಪಕ್ಕ ನಿಂತಿದ್ದ. ಅವಳು ಓಡಿಯೇ ಬಂದಳು.

"ಒಳಗೆ ಏನಂದ್ರಿ?"

"ಏನಂದೆ?"

"ಸ್ವಂತ ವಿಷ್ಯ ಅಂದ್ರಲ್ಲ... ಏನದು?"

ಮುರಳಿ ನೆಲ ನೋಡಿದ. ಮರ ನೋಡಿದ. ಬೈಕಿನ ಹ್ಯಾಂಡಲ್ ಒರೆಸಿದ. ಕೊನೆಗೆ ಅವಳನ್ನು ನೋಡಿದ.

"ನಾನು ಹತ್ತನೇ ಕ್ಲಾಸು ರೀ. ನೀವು ನಾಳೆ ಡಾಕ್ಟರ್ ಆಗೋರು. ನಾನು ಎಷ್ಟು ಸೋಪು ಹಾಕಿ ತೊಳೆದ್ರೂ ಈ ಕೈಯಿಂದ ಮೀನಿನ ವಾಸನೆ ಹೋಗಲ್ಲ. ಇಂಥವನು..."

ಅವಳು ತನ್ನ ಬಲಗೈ ಅವನ ಮುಖದ ಹತ್ತಿರ ಹಿಡಿದಳು.

"ಮೂಸಿ ನೋಡಿ."

"ಏನು?"

"ಮೂಸಿ ಅಂದೆ!"

ಮೂಸಿದ. ಮುಖ ಅರಳಿತು.

"ಗೊರಕ!"

"ಎರಡು ವರ್ಷದಿಂದ ನಾನೂ ತೊಳೀತಾನೇ ಇದೀನಿ. ಹೋಗ್ತಿಲ್ಲ. ಈಗ ಹೇಳಿ, ಏನದು ಸ್ವಂತ ವಿಷ್ಯ?"

ಅವಳ ಕೈಯನ್ನು ಅವನು ಬಿಡಲಿಲ್ಲ.

"ನನಗೆ ನೀವಂದ್ರೆ ಜೀವ ರೀ. ಕುರುಡು ಮೀನು ಮಾರಿಕೊಟ್ಟ ದಿನದಿಂದ. ಮದುವೆ ಆಗ್ತೀರಾ?"

"ಇಷ್ಟು ಹೇಳೋಕೆ ಇನ್ನೂರು ಮೀನು ಬೇಕಾಯ್ತಾ?" ಅಂದಳು. ನಗುತ್ತಲೇ ಅಳುತ್ತಿದ್ದಳು. "ಆಗ್ತೀನಿ ಮುರಳಿ. ಅಪ್ಪನ ಹತ್ರ ಯಾವಾಗ ಬಂದು ಮಾತಾಡ್ತೀರಾ?"

"ಮಂಗಳವಾರ ವ್ಯಾನಿನ ಲೆಕ್ಕ ಮುಗಿಸ್ಬೇಕು. ಬುಧವಾರ?"

"ಬುಧವಾರ ಅಪ್ಪ ಟೊಮ್ಯಾಟೋ ತಗೊಂಡು ಕೋಲಾರದ ಮಾರ್ಕೆಟ್‌ಗೆ ಬರ್ತಾರೆ."

"ಗುರುವಾರ?"

"ಗುರುವಾರದವರೆಗೂ ನಾನು ಕಾಯೋದಾ?"

ಮುರಳಿ ಬೈಕಿನ ಹಿಂದಿನ ಸೀಟಿನ ಮೇಲೆ ಕಟ್ಟಿದ್ದ ಐಸ್ ಡಬ್ಬದ ಹಗ್ಗ ಬಿಚ್ಚಿದ. ಈ ಸಲ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು! ಡಬ್ಬ ತೆಗೆದು, ಮೆಟ್ಟಿಲಿಳಿದು ಬರುತ್ತಿದ್ದ ಅಜ್ಮತುಲ್ಲಾ ಸಾಬರ ಕೈಗಿಟ್ಟ. ಕರ್ಚೀಫಿನಿಂದ ಸೀಟು ಒರೆಸಿದ.

"ಕೂತ್ಕೊಳ್ಳಿ."

"ಈಗಲೇನಾ?"

"ಈಗಲೇ. ನಿಮ್ಮಪ್ಪ ಬೈದ್ರೆ?"

"ಬೈಸ್ಕೊಳ್ಳೋಣ, ಇಬ್ರೂ ಸೇರಿ," ಅಂದು ಮುನಿಲಕ್ಷ್ಮಿ ಅವನ ಹೆಗಲು ಹಿಡಿದು ಹತ್ತಿ ಕುಳಿತಳು. "ನಡಿ ಮುರಳಿ, ಹೊತ್ತಾಯ್ತು."